ಟಿಟ್ಟಿಭದ ಲೆಕ್ಕ ಬರೆಯುವವರು ಯಾರು?

(ಆನೇಕಲ್ ತಾಲ್ಲೂಕಿನ ಹಳ್ಳಿಗಳಿಂದಲೂ ಜಿಗಣಿ, ಬೊಮ್ಮಸಂದ್ರದ ಕಾರ್ಖಾನೆಗಳಿಂದಲೂ ಬಂದ ಸ್ವಯಂಸೇವಕರ ಕೂಟದಲ್ಲಿ ಆಡಿದ ಮಾತುಗಳು)



ಈ ಕೂಟದ ಸುದ್ದಿ ಕೇಳಿ ನಮ್ಮವರೇ ಕೆಲವರು ನಕ್ಕರು. "ಕೂಲಿ, ಪಡಿತರ, ಪಿಂಚಣಿ ಎಂದು ಓಡಾಡುವ ನಿನಗೆ ಹಕ್ಕಿಗೂಡಿನ ಉಸಾಬರಿ ಏಕೆ ಮೇಷ್ಟ್ರೇ?" ಎಂದು ಕೇಳಿದರು. ಕೇಳತಕ್ಕ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹೇಳದೆ ನಿಮ್ಮ ಕೈಗೆ ನೋಟುಪುಸ್ತಕ ಕೊಟ್ಟು ಹೊಲಕ್ಕೆ ಅಟ್ಟುವುದು ನ್ಯಾಯವಲ್ಲ.

ಕೆಲಸ ಇಷ್ಟೇ. ಫೆಬ್ರವರಿ ಕೊನೆಯಿಂದ ಜೂನ್ ಕೊನೆಯವರೆಗೆ, ನಮ್ಮ ನಮ್ಮ ಊರಿನ ಹೊಲ, ಗೋಮಾಳ, ಕೆರೆಯಂಗಳಗಳಲ್ಲಿ ಟಿಟ್ಟಿಭ ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ಮೊಟ್ಟೆ ಒಡೆದು ಮರಿಯಾಗುತ್ತವೆ, ಎಷ್ಟು ಮರಿಗಳು ಹಾರುವ ಮಟ್ಟಕ್ಕೆ ಬರುತ್ತವೆ ಎಂದು ನೋಡಿ ಬರೆಯುವುದು. ಇದಕ್ಕೆ ಸಂಬಳವಿಲ್ಲ, ಭತ್ಯವಿಲ್ಲ. ಪತ್ರಿಕೆಯಲ್ಲಿ ಯಾರ ಭಾವಚಿತ್ರವೂ ಬರುವುದಿಲ್ಲ.

ಈ ಹಕ್ಕಿ ನಿಮಗೆಲ್ಲ ಗೊತ್ತು. ಹೆಸರು ಗೊತ್ತಿಲ್ಲದವರಿಗೆ ಕೂಗಾದರೂ ಗೊತ್ತು. ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯಿಂದ ನಡೆದು ಬರುವಾಗ ಕತ್ತಲಲ್ಲಿ ಟಿಟ್ಟಿಟ್ಟೀ ಎಂದು ಎದ್ದು ತಲೆಯ ಮೇಲೆ ಸುತ್ತುವುದು ಇದೇ. ಗಡಿಯಾಚೆ ಹೊಸೂರಿನ ಕಡೆ ತಮಿಳರು ಇದನ್ನು 'ಆಳ್‌ಕಾಟ್ಟಿ' ಎನ್ನುತ್ತಾರೆ. ಆಳು ಬಂದದ್ದನ್ನು ತೋರಿಸಿಕೊಡುವುದು ಎಂದು ಅರ್ಥ. ನಮ್ಮ ಸೀಮೆಯಲ್ಲಿ ಎರಡು ಜಾತಿಗಳಿವೆ. ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಎದೆ ಇರುವುದು ಕೆಂಪು ಟಿಟ್ಟಿಭ. ಇದು ನೀರಿನ ಹತ್ತಿರ ಹೆಚ್ಚು. ತಲೆಗೆ ಕಪ್ಪು ಟೋಪಿ, ಮೂಗಿನ ಬುಡದಲ್ಲಿ ಜೋಲುವ ಹಳದಿ ತೊಗಲು, ಒಣ ಮಣ್ಣಿನ ಬಣ್ಣದ ಮೈ ಇರುವುದು ಹಳದಿ ಟಿಟ್ಟಿಭ. ಇದಕ್ಕೆ ಕಲ್ಲುನೆಲ, ಬೀಳುಹೊಲ, ಬೋಳು ಬಯಲು ಬೇಕು.

ಇವೆರಡೂ ನೀರಂಚಿನಲ್ಲಿ, ಬಯಲಿನಲ್ಲಿ ನಡೆದು ಮೇಯುವ ಹಕ್ಕಿಗಳ ಬಳಗಕ್ಕೆ ಸೇರಿದವು. ಆ ಬಳಗದ ಅನೇಕ ಹಕ್ಕಿಗಳು ಚಳಿಗಾಲಕ್ಕೆ ಉತ್ತರದ ದೇಶಗಳಿಂದ ನಮ್ಮ ಕೆರೆಗಳಿಗೆ ಬಂದು, ಬೇಸಿಗೆಗೆ ಮುಂಚೆ ಹಿಂದಿರುಗಿ ಅಲ್ಲಿಯೇ ಮರಿ ಮಾಡುತ್ತವೆ. ಟಿಟ್ಟಿಭ ಹಾಗಲ್ಲ. ಅದರ ತೊಟ್ಟಿಲು ಇಲ್ಲಿಯೇ. ಹಳದಿ ಟಿಟ್ಟಿಭವಂತೂ ಭಾರತ ಉಪಖಂಡವನ್ನು ಬಿಟ್ಟು ಜಗತ್ತಿನ ಬೇರಾವ ಭಾಗದಲ್ಲೂ ಸಂತಾನ ಮಾಡುವುದಿಲ್ಲ. ಇದರ ಲೆಕ್ಕವನ್ನು ನಾವು ಬರೆಯದಿದ್ದರೆ ಇನ್ಯಾವ ದೇಶದವನೂ ಬರೆದುಕೊಡಲಾರ.

ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದ ಮೇಲೆ ಅಂಗೈಯಷ್ಟು ತಗ್ಗು ಕೆರೆದು, ನಾಲ್ಕು ಹರಳು ಒಟ್ಟಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಚುಕ್ಕೆ ಕಲ್ಲಿನದೇ. ಕಾಲಡಿಯಲ್ಲಿದ್ದರೂ ಕಾಣದು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೂರುತ್ತವೆ. ಕೆಂಪು ಟಿಟ್ಟಿಭದ ಮೊಟ್ಟೆ ಒಡೆಯಲು 28ರಿಂದ 30 ದಿನ ಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾವು ಕೊಡುವುದಕ್ಕಿಂತ ಮೊಟ್ಟೆ ಬೇಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಆಗ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅಂದಮೇಲೆ ಹತ್ತಿರದ ಕುಂಟೆ ಮುಚ್ಚಿಹೋದರೆ ಆ ಗೂಡಿಗೂ ನಷ್ಟವೇ. ಮರಿಗಳು ಹೊರಬಂದ ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತವೆ. ತಾಯಿ ಕೂಗಿದೊಡನೆ ನೆಲಕ್ಕೆ ಅಂಟಿಕೊಂಡು ಕಲ್ಲಿನಂತೆ ಬಿದ್ದಿರುತ್ತವೆ.

ಈಗ ನಮ್ಮ ರಾಗಿಯ ಕಾಲಮಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ನವೆಂಬರ್ ಡಿಸೆಂಬರಿನಲ್ಲಿ ಕೊಯ್ಲು. ಆಮೇಲೆ ಹೊಲ ಬೀಳು. ದನ ಕುರಿ ಮೇಯುತ್ತವೆ. ಮಾರ್ಚಿ ಬರುವ ಹೊತ್ತಿಗೆ ನೆಲ ಬೋಳಾಗಿ, ನಾಲ್ಕು ದಿಕ್ಕಿಗೂ ಕಣ್ಣು ಹಾಯುವಂತಾಗುತ್ತದೆ. ಹಕ್ಕಿಗೆ ಬೇಕಾದದ್ದು ಅಂಥದೇ ನೆಲ. ಕಾವು ಕೂತಲ್ಲಿಂದಲೇ ನಾಯಿ ನರಿ ದೂರದಲ್ಲಿ ಬರುವುದು ಕಾಣಬೇಕು. ಮೊದಲ ಮಳೆ ಬಿದ್ದು ಹದ ಸಿಕ್ಕಿದೊಡನೆ ಉಳುಮೆ. ಎತ್ತಿನ ನೇಗಿಲಿನ ಹಿಂದೆ ನಡೆಯುತ್ತಿದ್ದವನಿಗೆ ಹಕ್ಕಿ ಎದ್ದದ್ದು ಕಾಣುತ್ತಿತ್ತು, ಎತ್ತನ್ನು ಒಂದು ಮಾರು ಬಳಸಿ ಹೊಡೆಯಬಹುದಾಗಿತ್ತು. ಟ್ರಾಕ್ಟರು ಗಂಟೆಯ ಬಾಡಿಗೆಯ ಮೇಲೆ ಓಡುತ್ತದೆ. ಮೇಲೆ ಕೂತವನಿಗೆ ಮೊಟ್ಟೆ ಕಾಣದು, ಕೂಗು ಕೇಳದು. ಕೆರೆಯಂಗಳದಲ್ಲಿಯೂ ಹೀಗೆಯೇ. ನೀರಿಳಿದ ಅಂಗಳದಲ್ಲಿ ಹಕ್ಕಿ ಮೊಟ್ಟೆಯಿಡುವ ತಿಂಗಳುಗಳೂ ಹೂಳೆತ್ತುವ ಜೆಸಿಬಿ ಇಳಿಯುವ ತಿಂಗಳುಗಳೂ ಒಂದೇ.

ಇನ್ನು ಸರ್ಕಾರದ ಕಡತದಲ್ಲಿ ಈ ನೆಲಕ್ಕೆ ಏನೆಂದು ಹೆಸರು? ಪಹಣಿ ತೆಗೆದು ನೋಡಿರಿ. ಕಲ್ಲುನೆಲ ಕಂಡರೆ 'ಖರಾಬು'. ಊರ ದನ ಮೇಯುವುದಾದರೆ 'ಗೋಮಾಳ'. ಖರಾಬು ಎಂದರೆ ಕೆಟ್ಟದ್ದು, ಕಂದಾಯ ಹುಟ್ಟದ್ದು. ಟಿಟ್ಟಿಭ ಸಂಸಾರ ಹೂಡುವುದೂ ಕುರಿಯವನು ಬದುಕುವುದೂ ಆ ಕೆಟ್ಟ ನೆಲದ ಮೇಲೆಯೇ. ಕಡತದಲ್ಲಿ ಖಾಲಿ ಎಂದು ಬರೆದಿದ್ದನ್ನು ತೆಗೆದುಕೊಳ್ಳುವುದು ಸುಲಭ. ಖಾಲಿ ಜಾಗದಿಂದ ಯಾರನ್ನೂ ಎಬ್ಬಿಸಿದಂತಾಗುವುದಿಲ್ಲವಷ್ಟೆ!

ನಮ್ಮ ಸುತ್ತಲಿನ ಚರಿತ್ರೆಯನ್ನೇ ನೋಡಿರಿ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿದ್ದು. ನೂರು ವರ್ಷ ಕಳೆದ ಮೇಲೆ 1990ರ ದಶಕದಲ್ಲಿ ಅಲ್ಲಿ ಗಾಜಿನ ಕಟ್ಟಡಗಳು ಎದ್ದವು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಅತ್ತ ತುಮಕೂರು ರಸ್ತೆಯಲ್ಲಿ ಪೀಣ್ಯ ಬೆಳೆಯಿತು. ಇತ್ತ ಬೊಮ್ಮಸಂದ್ರ, ಜಿಗಣಿ. ಇಲ್ಲಿ ಕೂತಿರುವ ಅರ್ಧ ಜನ ಆ ಕಾರ್ಖಾನೆಗಳ ಅನ್ನ ಉಣ್ಣುವವರು. ಕಾರ್ಖಾನೆಯೇ ಬೇಡವೆಂದು ನಾನು ಹೇಳಲಾರೆ. ಆದರೆ ಕೊಡುವ ಮೊದಲು ಏನನ್ನು ಕೊಡುತ್ತಿದ್ದೇವೆ ಎಂಬ ಪಟ್ಟಿಯಾದರೂ ನಮ್ಮ ಕೈಯಲ್ಲಿರಬೇಕಲ್ಲವೇ? ಮನೆ ಮಾರುವವನೂ ಪಾತ್ರೆ ಪಡಗ ಎಣಿಸಿಯೇ ಹೊರಡುತ್ತಾನೆ.

"ಎರಡೂ ಸಾಮಾನ್ಯ ಹಕ್ಕಿಗಳು, ಅಳಿವಿನ ಪಟ್ಟಿಯಲ್ಲಿಲ್ಲ, ಅವನ್ನೇಕೆ ಎಣಿಸಬೇಕು?" ಎಂದು ಓದಿದ ಹುಡುಗರು ಕೇಳುತ್ತಾರೆ. ರಣಹದ್ದು ಒಂದು ಕಾಲಕ್ಕೆ ಕಾಗೆಯಷ್ಟೇ ಸಾಮಾನ್ಯವಾಗಿತ್ತು. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ಸಂಶೋಧಕರು 1980ರ ದಶಕದಲ್ಲಿ ಅವುಗಳ ಗೂಡುಗಳನ್ನು ಎಣಿಸಿಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ಗೂಡುಗಳು ಖಾಲಿಯಾಗುತ್ತಿದ್ದುದು ತಿಳಿಯಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಅವನ್ನು ಕೊಲ್ಲುತ್ತಿತ್ತು. 2006ರಲ್ಲಿ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಹದ್ದುಗಳು ಹೇರಳವಾಗಿದ್ದಾಗ ಎಣಿಸಿದ್ದರಿಂದಲೇ ಅವು ಕಡಿಮೆಯಾದದ್ದು ಗೊತ್ತಾಯಿತು. ಇಂಗ್ಲೆಂಡಿನ ಹೊಲಗಳಲ್ಲಿ ನಮ್ಮ ಟಿಟ್ಟಿಭದ ದಾಯಾದಿಯೊಂದಿದೆ, ನೆತ್ತಿಯ ಮೇಲೆ ಜುಟ್ಟಿರುವುದು. ಅಲ್ಲಿ ಅದು ಬೇಸಾಯಗಾರನ ಮನೆಯ ಹಕ್ಕಿ ಎನ್ನುವಷ್ಟು ಸಾಮಾನ್ಯವಾಗಿತ್ತು. ಸ್ವಯಂಸೇವಕರು ದಶಕಗಳ ಕಾಲ ಎಣಿಸುತ್ತ ಬಂದರು. ಸಂಖ್ಯೆ ಇಳಿಯುತ್ತ ಹೋಯಿತು. 2009ರಲ್ಲಿ ಅದು ಆ ದೇಶದ ಕೆಂಪು ಪಟ್ಟಿಗೆ ಸೇರಿತು.

ನಮ್ಮಲ್ಲಿಯೂ ಎಣಿಸುವವರಿದ್ದಾರೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತ ಬಂದಿದೆ. ಮೈಸೂರಿನ ಹವ್ಯಾಸಿಗಳು 2014ರಲ್ಲಿ ತಮ್ಮ ಊರನ್ನು ಚೌಕಗಳಾಗಿ ವಿಭಾಗಿಸಿ ಹಕ್ಕಿಗಳ ನಕಾಶೆ ಮಾಡಲು ಕೈಹಾಕಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನೇ ಹೀಗೆ ಚೌಕ ಚೌಕವಾಗಿ ನಡೆದು ಬರೆದರು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಸುಮಾರು 30,000 ಜನ ಕೊಟ್ಟ ಮೂರು ಕೋಟಿ ವೀಕ್ಷಣೆಗಳೇ ಆಧಾರ. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60ರಷ್ಟು ಇಳಿದಿವೆ ಎಂದು ಆ ವರದಿ ಹೇಳಿತು. ಬಯಲು, ಹುಲ್ಲುಗಾವಲುಗಳ ಹಕ್ಕಿಗಳಿಗೆ ಹೆಚ್ಚಿನ ಪೆಟ್ಟು ಬಿದ್ದಿದೆಯೆಂದೂ ಹೇಳಿತು.

ಹಾಗಾದರೆ ನಾವೇಕೆ ಹೊಸದಾಗಿ ಹೊರಡಬೇಕು? ಜನವರಿಯ ಗಣತಿ ಕೆರೆಯಲ್ಲಿ ಎಷ್ಟು ಹಕ್ಕಿಗಳಿವೆ ಎಂದು ಹೇಳುತ್ತದೆ. ಮೇ ತಿಂಗಳಲ್ಲಿ ಹೊಲದೊಳಗೆ ಎಷ್ಟು ಮರಿಗಳು ಉಳಿದವೆಂದು ಅದು ಹೇಳದು. ದೊಡ್ಡ ಹಕ್ಕಿಗಳು ಹಲವು ವರ್ಷ ಬದುಕಿರಬಹುದು. ಪ್ರತಿ ವರ್ಷವೂ ಕೂಗು ಕೇಳಿಸಬಹುದು. ಎಲ್ಲವೂ ಸರಿಯಾಗಿದೆ ಎಂದು ತೋರಬಹುದು. ಮರಿ ಮೇಲೇಳದಿದ್ದರೆ ಆ ಊರಿನಲ್ಲಿ ಅವು ಮುದುಕರ ಸಂಸಾರ. ಮಕ್ಕಳೆಲ್ಲ ಪಟ್ಟಣ ಸೇರಿದ ಹಳ್ಳಿಯ ಹಾಗೆ. ಲೇಔಟಿಗೆಂದು ಸಮ ಮಾಡಿ ಕಲ್ಲು ನೆಟ್ಟು ಬಿಟ್ಟ ನೆಲವೂ ಹಕ್ಕಿಯ ಕಣ್ಣಿಗೆ ಒಳ್ಳೆಯ ಬೋಳು ಬಯಲೇ. ಅಲ್ಲಿ ಮೊಟ್ಟೆಯಿಟ್ಟದ್ದನ್ನು ಕಂಡು "ಹಕ್ಕಿಗೆ ತೊಂದರೆಯಿಲ್ಲ" ಎಂದು ಬರೆದು ಬರಬೇಡಿರಿ. ಮರಿಯಾಯಿತೇ, ಮರಿ ಉಳಿಯಿತೇ ಎಂದು ಮತ್ತೆ ಹೋಗಿ ನೋಡಿರಿ.

ಈಗ ಬಹು ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ 'ಸರ್ವೆ' ಎಂಬ ಮಾತನ್ನು ಉಚ್ಚರಿಸುವಾಗ ಎಚ್ಚರವಿರಲಿ. ಅಪರಿಚಿತ ಹುಡುಗನೊಬ್ಬ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಏನೋ ಗುರುತು ಹಾಕಿಕೊಂಡರೆ ರೈತನ ಎದೆ ಝಲ್ಲೆನ್ನುತ್ತದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28(1) ಎಂಬ ಅಂಕಿ ಇಲ್ಲಿಯ ಅಜ್ಜಿಯರಿಗೂ ಬಾಯಿಪಾಠ; ಆ ನೋಟೀಸಿನ ಬೆನ್ನಿಗೆ ಬರುವುದು ಸ್ವಾಧೀನ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 2022ರ ಏಪ್ರಿಲಿನಿಂದ ಧರಣಿ ಕೂತು, ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದ ಮೇಲೆ, 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸಾರಿತು. ಅಂಥ ಭಯವನ್ನು ಉಂಡವರ ಹೊಲ ಇದು.

ಆದಕಾರಣ ಮೊದಲು ಮನೆಯ ಬಾಗಿಲಿಗೆ ಹೋಗಿರಿ. "ಅಣ್ಣಾ, ಅಳೆಯುವುದಕ್ಕೆ ಬಂದವರಲ್ಲ, ಹಕ್ಕಿ ಮೊಟ್ಟೆ ನೋಡುವುದಕ್ಕೆ ಬಂದವರು, ನಿಮ್ಮ ಸರ್ವೆ ನಂಬರನ್ನು ನಾವು ಬರೆದುಕೊಳ್ಳುವುದಿಲ್ಲ" ಎಂದು ಹೇಳಿರಿ. ಗೂಡು ಸಿಕ್ಕಿದ ಮಾತ್ರಕ್ಕೆ ಯಾರ ಪಹಣಿಯೂ ಬದಲಾಗದೆಂದು ತಿಳಿಸಿರಿ. 1972ರ ವನ್ಯಜೀವಿ ಕಾಯಿದೆ ಮೊಟ್ಟೆ ಗೂಡು ಕೆಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆಂಬುದು ನಿಜ. ಅದನ್ನು ಹೇಳಿ ರೈತನನ್ನು ಹೆದರಿಸುವುದು ನಮ್ಮ ಕೆಲಸವಲ್ಲ. ಬೇಡವೆಂದರೆ ಕೈಮುಗಿದು ಮುಂದಿನ ಹೊಲಕ್ಕೆ ನಡೆಯಿರಿ. ಆತ ನಮಗೆ ಯಾವ ಸಾಲವನ್ನೂ ತೀರಿಸಬೇಕಾಗಿಲ್ಲ.

ಎರಡನೆಯದು, ಗೂಡು ಎಲ್ಲಿದೆಯೆಂದು ಬಲ್ಲವರು ಯಾರು? ದುರ್ಬೀನು ಕೊಂಡವನಲ್ಲ. ದಿನವೂ ಅದೇ ಬಯಲಿನಲ್ಲಿ ಕುರಿ ಬಿಡುವ ತಾತ ಬಲ್ಲ. ಸೌದೆ ಸೊಪ್ಪಿಗೆ ಹೋಗುವ ಅಕ್ಕ, ಕಳೆ ಕೀಳುವ ಚಿಕ್ಕಮ್ಮ ಬಲ್ಲರು. ಯಾವ ಹೊಲದಲ್ಲಿ ಹಕ್ಕಿ ತಲೆಯ ಮೇಲೆ ಎರಗುತ್ತದೆಂಬುದು ಅವರಿಗೆ ತಿಳಿದಷ್ಟು ಇನ್ಯಾರಿಗೂ ತಿಳಿಯದು. ಆದರೆ 'ಸ್ವಯಂಸೇವೆ' ಎಂಬುದು ಭಾನುವಾರ ಬಿಡುವಿರುವವನ ಮಾತು. ಕೂಲಿಯಾಕೆಗೆ ಭಾನುವಾರವೆಂಬುದೇ ಇಲ್ಲ. ಅರ್ಧ ದಿನ ನಿಮ್ಮೊಡನೆ ನಡೆದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅವರ ದುಡಿಮೆಯ ಹೊತ್ತನ್ನು ಪುಕ್ಕಟೆಯಾಗಿ ಕೇಳಕೂಡದು. ಸಂಜೆ ಅವರು ಮನೆಗೆ ಬಂದ ಮೇಲೆ ಹೋಗಿ ಕೂತು ಕೇಳಿರಿ. ಕೇಳಿದ್ದನ್ನು ಮರುದಿನ ನೀವು ನಡೆದು ನೋಡಿರಿ. ತೋರಿಸಿದವರು ಒಪ್ಪಿದರೆ ಅವರ ಹೆಸರನ್ನು ನೋಟುಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ, ನಿಮ್ಮದು ಅದರ ಕೆಳಗಿರಲಿ. ಗದ್ದೆಯವನದು ದುಡಿಮೆ, ಪೇಟೆಯವನದು ಕೀರ್ತಿ ಎಂಬ ಹಳೆಯ ಪದ್ಧತಿ ಹಕ್ಕಿಯ ಲೆಕ್ಕದಲ್ಲಾದರೂ ಬೇಡ. ಸಾಫ್ಟ್‌ವೇರ್ ಕಂಪನಿಗಳಿಂದ ಬರುವ ಗೆಳೆಯರೂ ಇದ್ದಾರೆ. ಅವರು ನಕಾಶೆ ಬಲ್ಲರು, ಇ-ಬರ್ಡ್‌ನಲ್ಲಿ ಪಟ್ಟಿ ಸೇರಿಸಬಲ್ಲರು. ಅವರನ್ನು ಹೊರಗಿನವರೆಂದು ದೂರವಿಡಬೇಡಿರಿ. ಜೊತೆಗೆ ಕರೆದೊಯ್ದು ಬದು ತುಳಿಯದೆ ನಡೆಯುವುದನ್ನು ಕಲಿಸಿರಿ.

ಮೂರನೆಯದು ಕ್ರಮ. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿರಿ. ಮಧ್ಯಾಹ್ನ ನಿಮ್ಮನ್ನು ಕಂಡು ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಹಕ್ಕಿ ಕೂಗಿ ಮೇಲೆದ್ದರೆ ಗೂಡು ಹತ್ತಿರವಿದೆ ಎಂದು ಅರ್ಥ. ಹುಡುಕುತ್ತ ಮುಂದೆ ಹೋಗಬೇಡಿರಿ. ಹಿಂದೆ ಸರಿದು, ದೂರದಲ್ಲಿ ಒಂದು ಮರದಡಿಯೋ ಬದುವಿನ ಮರೆಯಲ್ಲೋ ಕೂತು ನೋಡಿರಿ. ಅದು ತಾನಾಗಿ ನಡೆದು ಹೋಗಿ ಕೂತ ಜಾಗವೇ ಗೂಡು. ಒಮ್ಮೊಮ್ಮೆ ರೆಕ್ಕೆ ಮುರಿದಂತೆ ಹೊರಳಾಡಿ ನಿಮ್ಮನ್ನು ಬೇರೆ ಕಡೆಗೆ ಎಳೆಯುತ್ತದೆ. ಮೋಸ ಹೋದವರಂತೆ ಅದರ ಹಿಂದೆಯೇ ನಡೆದುಬಿಡುವುದು ಮರ್ಯಾದೆ. ಮೊಟ್ಟೆ ಮುಟ್ಟಕೂಡದು, ಪಕ್ಕದಲ್ಲಿ ಕೋಲು ನೆಡಕೂಡದು. ಕಾಗೆಗೂ ನಾಯಿಗೂ ನಾವೇ ದಾರಿ ತೋರಿಸಿದಂತಾದೀತು. ಗೂಡಿನ ಜಾಗವನ್ನು, ಚಿತ್ರವನ್ನು ವಾಟ್ಸಾಪಿನಲ್ಲಿ ಹಂಚಕೂಡದು. ವಾರಕ್ಕೊಮ್ಮೆ ಹೋದರೆ ಸಾಕು.

ನಾಲ್ಕನೆಯದು ಟ್ರಾಕ್ಟರಿನವನ ಮಾತು. ಹದ ನಾಲ್ಕು ದಿನವೂ ನಿಲ್ಲದು. "ಮರಿಯಾಗುವವರೆಗೆ ಉಳಬೇಡ" ಎಂದು ರೈತನಿಗೆ ಹೇಳುವವನು ಬೇಸಾಯ ಅರಿಯದವನು. ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಏನು ಮಾಡುತ್ತಾರೆಂದು ಕೇಳಿರಿ. ಅಲ್ಲಿ ವಸಂತದ ಮೊದಲ ಟಿಟ್ಟಿಭದ ಮೊಟ್ಟೆ ಹುಡುಕುವುದು ಹಳ್ಳಿಗರ ಹಳೆಯ ಪಂದ್ಯ. ಮೊಟ್ಟೆಯನ್ನು ಎತ್ತಿಕೊಂಡು ಹೋಗುವಂತಿಲ್ಲ ಎಂದು ಈಗ ಕಟ್ಟಳೆಯಾಗಿದೆ. ಹುಡುಕುವ ಕಣ್ಣು ಮಾತ್ರ ವ್ಯರ್ಥವಾಗಲಿಲ್ಲ. ಸ್ವಯಂಸೇವಕರು ಗೂಡು ಹುಡುಕಿ ರೈತನಿಗೆ ತಿಳಿಸುತ್ತಾರೆ. ಆತ ಯಂತ್ರವನ್ನು ಗೂಡಿನ ಸುತ್ತ ಬಳಸಿ ಓಡಿಸುತ್ತಾನೆ. ನಾವೂ ಅಷ್ಟೇ ಕೇಳೋಣ. ಉಳುವ ದಿನ ಹೋಗಿ ಗೂಡಿನ ಪಕ್ಕ ನೀವೇ ನಿಂತುಕೊಳ್ಳಿರಿ. ಒಂದು ಚಾಪೆಯಷ್ಟು ನೆಲ ಬಿಟ್ಟು ಉಳುವಂತೆ ಕೇಳಿರಿ. ಒಂದು ಚಾಪೆ ನೆಲದ ರಾಗಿ ಎಷ್ಟಾದೀತು? ಅದನ್ನೂ ಕೊಡಲಾರೆ ಎನ್ನುವ ರೈತರು ವಿರಳ.

ಕಡೆಯದು, ಲೆಕ್ಕದ ಸತ್ಯ. ನಾನು ಮಕ್ಕಳ ಹಾಜರಿ ಕೂಗಿದವನು. ಹಾಜರಿ ಪುಸ್ತಕದಲ್ಲಿ ಬಂದವರ ಗುರುತಿನಷ್ಟೇ ಬಾರದವರ ಗುರುತೂ ಮುಖ್ಯ. ಮನೆ ಖಾಲಿ ಬಿಟ್ಟರೆ ಮಗು ಬಂತೋ ಇಲ್ಲವೋ ತಿಳಿಯದು. ಹಾಗೆಯೇ ಒಂದು ಹೊಲದಲ್ಲಿ ಸುತ್ತಿ ಏನೂ ಸಿಗದಿದ್ದರೆ 'ಸೊನ್ನೆ' ಎಂದು ಬರೆದು ತಾರೀಖು ಹಾಕಿರಿ. ಬರಿಗೈಲಿ ಬಂದೆನೆಂದು ನಾಚಿ ಪುಟ ಹರಿಯಬೇಡಿರಿ.

ಇನ್ನೂ ಒಂದು ಮೋಹವಿದೆ. ಎಲ್ಲಿಯಾದರೂ ಭೂಮಿಯ ಜಗಳ ಎದ್ದಾಗ ನಮ್ಮವರೇ ಬಂದು, "ಮೂರು ಗೂಡಿದ್ದರೆ ಮೂವತ್ತು ಎಂದು ಬರೆ, ಹೋರಾಟಕ್ಕೆ ಬಲ ಬರುತ್ತದೆ" ಎಂದು ಹೇಳಬಹುದು. ಬರೆಯಬೇಡಿರಿ. ಇನ್ನೊಂದು ಕಡೆ ನಮಗೆ ಬೇಕಾದವನೇ ಗೋಮಾಳವನ್ನು ಅಗೆದು ಸೈಟು ಮಾಡುತ್ತಿದ್ದಾಗ, "ಅಲ್ಲಿಯ ಗೂಡು ಬಿಟ್ಟುಬಿಡು" ಎಂದಾನು. ಬಿಡಬೇಡಿರಿ. ದುಡಿಯುವವನ ಕೈಯಲ್ಲಿ ಕೋರ್ಟಿಲ್ಲ, ಕಚೇರಿಯಿಲ್ಲ; ಇರುವುದು ಅವನ ಮಾತಿನ ನಂಬಿಕೆ ಒಂದೇ. ಒಂದು ಸುಳ್ಳು ಸಂಖ್ಯೆ ಹೊರಬಿದ್ದರೆ ಮುಂದೆ ನಾವು ಹೇಳುವ ಕೂಲಿಯ ಲೆಕ್ಕವನ್ನೂ ಯಾರೂ ನಂಬರು. ಮೂರು ಇದ್ದರೆ ಮೂರು. ಆ ಮೂರನ್ನು ಹತ್ತು ವರ್ಷ ಬಿಡದೆ ಬರೆದರೆ ಅದೇ ಸಾಕ್ಷಿ.

ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದ ಕಥೆಯಿದೆ. ಹಕ್ಕಿಗಳೆಲ್ಲ ಸೇರಿ ಗರುಡನ ಬಳಿ ಮೊರೆಯಿಟ್ಟು, ಗರುಡ ವಿಷ್ಣುವಿಗೆ ಹೇಳಿ, ಕಡೆಗೆ ಸಮುದ್ರ ಹೆದರಿ ಮೊಟ್ಟೆಗಳನ್ನು ಹಿಂದಕ್ಕೆ ಕೊಟ್ಟಿತಂತೆ. ನಾನು ಮಕ್ಕಳಿಗೆ ಅದನ್ನು ಹೇಳುವಾಗಲೆಲ್ಲ ಒಂದಲ್ಲ ಒಂದು ಮಗು, "ಎಷ್ಟು ಮೊಟ್ಟೆ ಹೋಗಿತ್ತು ಮೇಷ್ಟ್ರೇ?" ಎಂದು ಕೇಳುತ್ತಿತ್ತು. ಸಮುದ್ರವನ್ನು ಮೊಟ್ಟೆ ಕೇಳುವವನಿಗೆ ಆ ಲೆಕ್ಕ ಮೊದಲು ಗೊತ್ತಿರಬೇಕು.

ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕಗಳಿವೆ, ಊರಿಗೊಂದು. ಒಂದೊಂದು ಊರಿಗೆ ಇಬ್ಬರು: ಒಬ್ಬರು ಆ ಊರಿನವರೇ ಆಗಿರಲಿ, ಇನ್ನೊಬ್ಬರು ಕಾರ್ಖಾನೆಯವರೋ ಪೇಟೆಯವರೋ ಆಗಲಿ. ತಿಂಗಳಿಗೊಮ್ಮೆ ಎಲ್ಲ ಪುಸ್ತಕಗಳನ್ನೂ ಇಲ್ಲಿಗೆ ತಂದು ಗಟ್ಟಿಯಾಗಿ ಓದೋಣ. ಯಾವ ಊರಿನಲ್ಲಿ ಎಷ್ಟು ಎಂಬುದನ್ನು ಊರವರೇ ಕೇಳಲಿ. ಮುಂದಿನ ಭಾನುವಾರ ಹೊಲಕ್ಕೆ ಇಳಿಯುವ ಮೊದಲು, ಶನಿವಾರ ಸಂಜೆ ನಿಮ್ಮ ಊರಿನ ಕುರಿ ಕಾಯುವವರ ಮನೆಗೆ ಹೋಗಿ ಕೂತುಕೊಳ್ಳಿರಿ. ಕೆಲಸ ಅಲ್ಲಿಂದ ಪ್ರಾರಂಭ.